ಸೌಟು ಕೆಳಗಿಡಿ, ಪೀಚ್ ಬೇಯುತ್ತಿದೆ

ಬೆಳಗಾವಿಯಲ್ಲಿ ಸಿಹಿ ಮಾಡುವುದೆಂದರೆ ರಟ್ಟೆ ಸೋಲುವ ಕೆಲಸ. ಕುಂದಾಕ್ಕೆ ಹಾಲಿಟ್ಟರೆ ಸೌಟು ಬಿಡುವಂತಿಲ್ಲ. ಬಿಟ್ಟಿರೋ, ತಳ ಹಿಡಿಯಿತು, ಎರಡು ಲೀಟರ್ ಹಾಲು ಹೋಯಿತು. ಅಂಥ ಅಡಿಗೆಮನೆಯಲ್ಲಿ ಕೈ ಪಳಗಿಸಿದ ಅವ್ವನ ಎದುರು ನಾನು ಮೊದಲ ಸಲ ಪೀಚ್ ಕಾಬ್ಲರ್ ಮಾಡಿದೆ. ಪಾತ್ರೆಯಲ್ಲಿ ಕರಗಿದ ಬೆಣ್ಣೆ, ಅದರ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಹಣ್ಣು. ಮೂರೂ ಬೇರೆ ಬೇರೆಯಾಗಿ ಕೂತಿದ್ದವು.

"ಹಂಗ ಬಿಟ್ಟಿ ಅಲ್ಲ, ಅದನ್ನ ಯಾರು ಕಲಸಬೇಕು?" ಅಂದಳು ಅವ್ವ.

ಫೋನ್ ಬಂತು, ಹೊರಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಅವಳು ಪಾಪ ಚೆನ್ನಾಗಿ ಕಲಸಿಟ್ಟಿದ್ದಳು. ಮುಕ್ಕಾಲು ತಾಸು ಬೆಂದ ಮೇಲೆ ಸಿಕ್ಕಿದ್ದು ಹಳದಿ ಬಣ್ಣದ ಅಂಟು ಮುದ್ದೆ. ಚಮಚ ನೆಟ್ಟರೆ ನೆಟ್ಟಲ್ಲೇ ನಿಲ್ಲುತ್ತಿತ್ತು. ಸಾಮಾನು ಅದೇ, ಅಳತೆ ಅದೇ, ಒಲೆ ಅದೇ. ಒಂದು ಸಲ ಸೌಟು ಆಡಿಸಿದ್ದಕ್ಕೆ ಇಷ್ಟು ಫರಕು ಯಾಕೆ?

ಕಾಬ್ಲರ್ ಅಮೆರಿಕದ ಮನೆತಿಂಡಿ. ಅವರ ಪೈ ಮಾಡಬೇಕಾದರೆ ಹಿಟ್ಟು ನಾದಬೇಕು, ಲಟ್ಟಿಸಬೇಕು, ಅಂಚು ಮಡಚಬೇಕು. ಕಾಬ್ಲರ್‌ನಲ್ಲಿ ಅದ್ಯಾವುದೂ ಇಲ್ಲ. ಹಣ್ಣು ಬೇಯಬೇಕು, ಅದರ ಮೇಲೆ ಹಿಟ್ಟಿನ ಹೊದಿಕೆ ಇರಬೇಕು, ಅಷ್ಟೇ. ಇದರಲ್ಲೂ ಎಷ್ಟೋ ಬಗೆಗಳಿವೆ. ನಾನು ಹೇಳುತ್ತಿರುವುದು ಹಿಟ್ಟನ್ನು ಸುಮ್ನೆ ಸುರಿದು ಬಿಡುವ ಸುಲಭದ ಬಗೆ.

ಹಣ್ಣಿನ ವಿಷಯ ಮೊದಲು ಮುಗಿಸೋಣ. ನಮ್ಮ ಮಾತಿನಲ್ಲಿ ಪೀಚು ಅಂದರೆ ಎಳೆಯದು, ಬಲಿಯದ್ದು. ಆ ಪೀಚಿಗೂ ಈ ಪೀಚಿಗೂ ಸಂಬಂಧವಿಲ್ಲ. ಈ ಹೆಸರಿನ ಬೇರು ಪರ್ಷಿಯಾದಲ್ಲಿದೆ. ಯುರೋಪಿನವರಿಗೆ ಹಣ್ಣು ಆ ಕಡೆಯಿಂದ ಬಂತು, ಅದಕ್ಕೇ ಆ ಹೆಸರು ಕೊಟ್ಟರು. ನಿಜವಾದ ತವರು ಚೀನಾ. ಇದು ಬದಾಮಿಯ ಹತ್ತಿರದ ಸಂಬಂಧಿ. ಬಾಗಲಕೋಟೆ ಜಿಲ್ಲೆಯ ಬಾದಾಮಿ ಅಲ್ಲ, ನೆನೆಸಿ ತಿನ್ನುವ ಬದಾಮಿ! ಪೀಚಿನ ಓಟೆ ಒಡೆದರೆ ಒಳಗಿನ ಬೀಜ ಥೇಟ್ ಬದಾಮಿಯಂತೆಯೇ ಕಾಣುತ್ತದೆ. ಆದರೆ ಬಾಯಿಗೆ ಹಾಕಬೇಡಿ. ಅದನ್ನು ಅಗಿದರೆ ಸಯನೈಡ್ ವಿಷ ಹುಟ್ಟುತ್ತದೆ.

ನಮ್ಮ ಕಡೆ ಪೀಚ್ ಯಾಕೆ ಬೆಳೆಯುವುದಿಲ್ಲ? ಮಣ್ಣಿನ ದೋಷವಲ್ಲ, ಚಳಿ ಸಾಲದು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿದ ಗಿಡ ಎಚ್ಚರವಾಗಬೇಕಾದರೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ ನೂರಾರು ತಾಸು ಸಿಕ್ಕಿರಬೇಕು. ಕೆಲವು ತಳಿಗಳಿಗೆ 800 ತಾಸೂ ಬೇಕು. ಡಿಸೆಂಬರ್ ಬಂದರೆ ಬೆಳಗಾವಿಯವರು ಸ್ವೆಟರ್ ಹಾಕಿ, ಕಿವಿ ಕಟ್ಟಿಕೊಂಡು ವಾಕಿಂಗ್ ಹೋಗುತ್ತೇವೆ. ಪೀಚ್ ಗಿಡದ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ. ಹಾಗಾಗಿ ಹಿಮಾಚಲದಂಥ ಕಡೆಯಿಂದ ಬರುವ ಡಬ್ಬಗಳನ್ನೇ ಕಾಯಬೇಕು. ಅಂಗಡಿಯವ ಆಡೂ ಅಂದರೂ ಅದೇ ಹಣ್ಣು. ಗಟ್ಟಿ ಇದ್ದರೆ ಬಾಳೆಹಣ್ಣಿನ ಜೊತೆ ಪೇಪರಿನಲ್ಲಿ ಸುತ್ತಿ ಎರಡು ದಿನ ಇಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಅದನ್ನು ಬೇಗ ಹಣ್ಣಾಗಿಸುತ್ತದೆ.

ನಾಲ್ಕೈದು ಹಣ್ಣನ್ನು ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ. ಸಿಪ್ಪೆ ಕೈಯಲ್ಲೇ ಜಾರುತ್ತದೆ. ಹೋಳು ಮಾಡಿ ಅರ್ಧ ಕಪ್ ಸಕ್ಕರೆ, ಅರ್ಧ ಲಿಂಬಿಹಣ್ಣಿನ ರಸ ಬೆರೆಸಿ ಎರಡು ನಿಮಿಷ ಬಿಸಿ ಮಾಡಿ. ಹೋಳು ಕಪ್ಪಾಗುವುದನ್ನು ಲಿಂಬಿಯ ಹುಳಿ ತಡೆಯುತ್ತದೆ. ವಿಜಯಪುರದ ಇಂಡಿ ಕಡೆಯ ಲಿಂಬಿ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಹಿಟ್ಟು. ಒಂದು ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಒಂದು ಕಪ್ ಹಾಲು. ಗಂಟಿಲ್ಲದಂತೆ ಕಲಸಿದರೆ ಸಾಕು. ನಿಮ್ಮ ಕಲಸುವ ಚಟ ಇಲ್ಲೇ ತೀರಿಸಿಕೊಳ್ಳಿ, ಮುಂದೆ ಅವಕಾಶವಿಲ್ಲ. ಅಗಲದ ಪಾತ್ರೆಯಲ್ಲಿ 100 ಗ್ರಾಂ ಬೆಣ್ಣೆ ಕರಗಿಸಿ, ಅದರ ಮೇಲೆ ಹಿಟ್ಟು ಸುರಿಯಿರಿ. ಅದರ ಮೇಲೆ ಹಣ್ಣನ್ನು ರಸದ ಸಮೇತ ಹರಡಿ. 180 ಡಿಗ್ರಿ ಬಿಸಿಯ ಓವನ್‌ನಲ್ಲಿ 40ರಿಂದ 45 ನಿಮಿಷ ಇಡಿ.

ಓವನ್ನಿನ ಗಾಜಿನೊಳಗೆ ಇಣುಕಿದರೆ ತಮಾಷೆ ಕಾಣುತ್ತದೆ. ಮೇಲಿಟ್ಟ ಹಣ್ಣು ಕೆಳಗಿಳಿಯುತ್ತದೆ, ಕೆಳಗಿದ್ದ ಹಿಟ್ಟು ಮೇಲೇರುತ್ತದೆ. ಯಾರೂ ಮುಟ್ಟದೆ ಅವೆರಡೂ ಜಾಗ ಬದಲಾಯಿಸುತ್ತವೆ! ಹಸಿ ಹಿಟ್ಟು ನೀರಿಗಿಂತ ತುಸು ಭಾರ, ಆದ್ದರಿಂದ ಮೊದಮೊದಲು ಹೋಳುಗಳು ಅದರ ಮೇಲೆ ನಿಲ್ಲುತ್ತವೆ. ಬಿಸಿ ಏರಿದಂತೆ ಬೇಕಿಂಗ್ ಪೌಡರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹಿಟ್ಟಿನ ತುಂಬ ಗುಳ್ಳೆ ಎದ್ದು ಅದು ಹಗುರವಾಗುತ್ತದೆ. ಪೀಚ್ ಹೋಳಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇರುವುದರಿಂದ ಅದು ಹಗುರವಾಗುವುದಿಲ್ಲ. ಹಗುರಾದದ್ದು ಮೇಲೆ, ಭಾರದ್ದು ಕೆಳಗೆ. ಕರಗಿದ ಬೆಣ್ಣೆ ಹಣ್ಣಿಗಿಂತಲೂ ಹಸಿ ಹಿಟ್ಟಿಗಿಂತಲೂ ಹಗುರ. ಅದು ಪಾತ್ರೆಯ ಅಂಚಿನಗುಂಟ ಮೇಲೆ ನುಗ್ಗಿ ದಂಡೆಯನ್ನು ಕರಿದುಬಿಡುತ್ತದೆ.

ಭಜಿ ಹಿಟ್ಟಿಗೆ ಹಾಕುವ ಸೋಡಾವನ್ನೇ ಹಾಕಬಹುದಲ್ಲ ಅಂತ ಕೇಳಬಹುದು. ಸೋಡಾ ಚೆನ್ನಾಗಿ ಗ್ಯಾಸ್ ಬಿಡಬೇಕಾದರೆ ಹುಳಿ ಬೇಕು. ಹುಳಿ ಸಾಲದಿದ್ದರೆ ಉಳಿದ ಸೋಡಾ ಬಾಯಲ್ಲಿ ಸಾಬೂನಿನಂತಾಗುತ್ತದೆ. ಮಿರ್ಚಿ ಭಜಿಯಲ್ಲಿ ಖಾರದ ಮುಂದೆ ಅದು ಅಷ್ಟು ಗೊತ್ತಾಗುವುದಿಲ್ಲ, ಇಲ್ಲಿ ಗೊತ್ತಾಗುತ್ತದೆ. ಬೇಕಿಂಗ್ ಪೌಡರ್ ಅಂದರೆ ಸೋಡಾ ಮತ್ತು ಅದಕ್ಕೆ ಬೇಕಾದಷ್ಟೇ ಒಣ ಹುಳಿ, ಜೊತೆಗೆ ತೇವ ಹೀರಲು ಪಿಷ್ಟ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಇಂಥದ್ದೊಂದು ಪುಡಿ ಮಾಡಿದ. ಹೆಂಡತಿಗೆ ಈಸ್ಟ್ ಆಗಿಬರುತ್ತಿರಲಿಲ್ಲ, ಅದಕ್ಕೆ. ಮೊಟ್ಟೆಯೂ ಆಗಿಬರುತ್ತಿರಲಿಲ್ಲ ಅಂತ ಅದಕ್ಕೂ ಮೊದಲೇ ಕಸ್ಟರ್ಡ್ ಪೌಡರ್ ಮಾಡಿದವನೂ ಅವನೇ. ಇಂದಿನ ಪುಡಿಗಳು ಸಾಮಾನ್ಯವಾಗಿ ಎರಡು ಕಂತಿನಲ್ಲಿ ಕೆಲಸ ಮಾಡುತ್ತವೆ. ಒದ್ದೆಯಾದಾಗ ಸ್ವಲ್ಪ ಗ್ಯಾಸ್, ಬಿಸಿಯಾದಾಗ ಉಳಿದದ್ದು.

ಹಿಟ್ಟಿನಲ್ಲಿರುವ ಸಕ್ಕರೆಗೆ ಸಿಹಿಯ ಜೊತೆ ಇನ್ನೊಂದು ಕೆಲಸವೂ ಇದೆ. ಅದು ಪಿಷ್ಟ ಗಟ್ಟಿಯಾಗುವುದನ್ನು ತಡ ಮಾಡುತ್ತದೆ. ಆ ಬಿಡುವಿನಲ್ಲೇ ಗುಳ್ಳೆಗಳು ದೊಡ್ಡದಾಗುತ್ತವೆ. ಆರೋಗ್ಯದ ಹೆಸರಲ್ಲಿ ಸಕ್ಕರೆ ಅರ್ಧ ಮಾಡಿದವರ ಕಾಬ್ಲರ್ ಬಿರುಸಾಗುವುದು ಇದಕ್ಕೇ.

ಈಗ ಅವ್ವನ ಸೌಟಿಗೆ ಬರೋಣ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಓವನ್ 180 ಇದ್ದರೂ ನೀರು ತುಂಬಿದ ಜಾಗ ಆ ಕುದಿಯ ಮಟ್ಟ ಬಿಟ್ಟು ಹೆಚ್ಚು ಮೇಲೇರುವುದಿಲ್ಲ. ಹಣ್ಣಿಗೆ ಅಷ್ಟು ಬಿಸಿ ಸಾಕು. ಜೀವಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಕರಗಿ ಹೋಳು ಮೆತ್ತಗಾಗುತ್ತದೆ. ಆದರೆ ಹೊಂಬಣ್ಣ ಬೇಗ ಬರಬೇಕಾದರೆ ಮೇಲ್ಮೈ ಒಣಗಿ 140 ಡಿಗ್ರಿ ಹತ್ತಿರ ಹೋಗಬೇಕು. ಅಲ್ಲಿ ಪ್ರೋಟೀನು ಮತ್ತು ಸಕ್ಕರೆ ಸೇರಿ ಕಂದು ಬಣ್ಣ, ಘಮ ಎರಡೂ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮೇಯಾರ್ ಹೆಸರನ್ನೇ ಈ ಕ್ರಿಯೆಗೆ ಇಟ್ಟಿದ್ದಾರೆ. ಕುಂದಾದ ಬಣ್ಣದಲ್ಲೂ ಇದರದೇ ಕೈವಾಡ. ಅಲ್ಲಿ ಒದ್ದೆ ಹಾಲಿನಲ್ಲಿ ಅದು ನಿಧಾನವಾಗಿ ನಡೆಯುತ್ತದೆ, ಅದಕ್ಕೇ ಅಷ್ಟು ಹೊತ್ತು ನಿಲ್ಲಬೇಕು.

ಅಂದರೆ ಕಾಬ್ಲರ್‌ನ ಒಂದೇ ಪಾತ್ರೆಯಲ್ಲಿ ಎರಡು ಹವೆ ಇರಬೇಕು. ಕೆಳಗೆ ಖಾನಾಪುರದ ಜುಲೈ, ಮೇಲೆ ವಿಜಯಪುರದ ಮೇ. ಅವ್ವ ಕಲಸಿದಾಗ ಎಲ್ಲ ಕಡೆ ಜುಲೈ ಆಯಿತು. ಹಣ್ಣಿನ ರಸ ಹಿಟ್ಟಿಗೆ ಸೇರಿತು, ಪಿಷ್ಟ ಬೇಕಾದ್ದಕ್ಕಿಂತ ಜಾಸ್ತಿ ನೀರು ಕುಡಿದು ಅಂಟಾಯಿತು. ಭಾರದ ಹಿಟ್ಟಿನಲ್ಲಿ ಗುಳ್ಳೆ ನಿಲ್ಲಲಿಲ್ಲ, ಮೇಲ್ಭಾಗ ಒಣಗಲೇ ಇಲ್ಲ.

ಓವನ್ ಇಲ್ಲದವರು ಕುಕ್ಕರಿನಲ್ಲಿ ಉಪ್ಪು ಹರಡಿ, ಸೀಟಿ ಮತ್ತು ರಬ್ಬರ್ ತೆಗೆದು ಮಾಡುತ್ತಾರೆ. ಆಗುತ್ತದೆ, ಆದರೆ ಬಣ್ಣ ಬಿಳಚಿಕೊಳ್ಳುತ್ತದೆ. ಮುಚ್ಚಳಕ್ಕೆ ತಾಗಿದ ಹಬೆ ನೀರಾಗಿ ಮೇಲೆಯೇ ಹನಿಯುತ್ತದಲ್ವಾ? ಮತ್ತೆ ಜುಲೈ. ಪೀಚ್ ಬದಲು ಮಾವು ಹಾಕಬಹುದು, ಹುಳಿ ಇರುವುದು ಒಳ್ಳೆಯದು. ಚಿಕ್ಕು ಮಾತ್ರ ಬೇಡ. ಹುಳಿಯೇ ಇಲ್ಲದೆ ಬರೀ ಸಿಹಿಯ ಮೇಲೆ ಸಿಹಿ, ಎರಡನೇ ತುತ್ತಿಗೆ ಸಾಕಾಗುತ್ತದೆ.

ಇಳಿಸಿದ ಕೂಡಲೇ ಬಡಿಸಬೇಡಿ. ರಸ ಆಗ ನೀರು ನೀರಾಗಿರುತ್ತದೆ. ಅರ್ಧ ತಾಸು ಬಿಟ್ಟರೆ ಕರಗಿದ ಪೆಕ್ಟಿನ್, ಹಿಟ್ಟಿನಿಂದ ಇಳಿದ ಪಿಷ್ಟ ತಣಿದು ಪಾಕ ಮಂದವಾಗುತ್ತದೆ.

ಎರಡನೇ ಸಲ ಮಾಡಿದಾಗ ಅವ್ವ ಸ್ಟೂಲ್ ಹಾಕಿಕೊಂಡು ಓವನ್ ಮುಂದೆ ಕೂತಳು. ಕೈ ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಹಿಟ್ಟು ಹಣ್ಣಿನ ಮೇಲೆ ಉಬ್ಬಿ ಬಂದಾಗ "ಅಯ್ಯ, ತಾನs ಮುಚ್ಚಿಕೊಳ್ಳಾಕತ್ತೈತಿ!" ಅಂದಳು. ಅರ್ಧ ತಾಸು ಕಾಯಲು ಮಾತ್ರ ಒಪ್ಪಲಿಲ್ಲ. ಬೆಣ್ಣೆಯಲ್ಲಿ ಗರಿಗರಿಯಾದ ದಂಡೆಯನ್ನು ಚಾಕುವಿನಿಂದ ಸುತ್ತಲೂ ಬಿಡಿಸಿ ತಟ್ಟೆಗೆ ಹಾಕಿಕೊಂಡು, "ನಡುವಿಂದು ನೀವು ತಿನ್ನರಿ" ಅಂತ ಪಾತ್ರೆಯನ್ನು ನಮ್ಮ ಕಡೆ ಸರಿಸಿದಳು.