ಇಸ್ತ್ರಿ ಪೆಟ್ಟಿಗೆಗೆ ಬಿಸಿ ಬಂದ ದಾರಿ

ಹತ್ತಿ ಬಟ್ಟೆಯ ಸುಕ್ಕು ಹೋಗಬೇಕಾದರೆ ನೂಲಿನೊಳಗಿನ ಅಣುಗಳನ್ನು ಒಂದಕ್ಕೊಂದು ಹಿಡಿದಿಡುವ ಹೈಡ್ರೋಜನ್ ಬಂಧಗಳು ಒಮ್ಮೆ ಸಡಿಲಗೊಳ್ಳಬೇಕು. ತೇವ ಮತ್ತು ಬಿಸಿ ಸೇರಿ ಆ ಕೆಲಸ ಮಾಡುತ್ತವೆ. ಮೇಲಿನ ಭಾರ ಬಟ್ಟೆಯನ್ನು ಚಪ್ಪಟೆಯಾಗಿ ಹಿಡಿದಿರುತ್ತದೆ, ಆರಿದ ಮೇಲೆ ಬಂಧಗಳು ಹೊಸ ಜಾಗದಲ್ಲಿ ಕೂರುತ್ತವೆ. ಭಾರಕ್ಕೇನು, ಕಲ್ಲಾದರೂ ಆದೀತು. ತೇವಕ್ಕೆ ಬೊಗಸೆ ನೀರು ಸಾಕು. ಫಜೀತಿ ಇದ್ದದ್ದೆಲ್ಲ ಬಿಸಿಯದು. ಅದನ್ನು ಎಲ್ಲಿಂದ ತರುವುದು, ತಂದದ್ದು ಆರದಂತೆ, ಬಟ್ಟೆಯನ್ನೂ ಸುಡದಂತೆ ಹೇಗೆ ನೋಡಿಕೊಳ್ಳುವುದು?

ಬಿಸಿಯ ಗೊಡವೆಯೇ ಬೇಡವೆಂದವರೂ ಇದ್ದರು. ಸ್ಕ್ಯಾಂಡಿನೇವಿಯಾದ ವೈಕಿಂಗ್ ಕಾಲದ ಹೆಂಗಸರ ಸಮಾಧಿಗಳಲ್ಲಿ ಅಂಗೈಯಗಲದ ಗಾಜಿನ ಗುಂಡುಗಳೂ ತಿಮಿಂಗಿಲದ ಮೂಳೆಯ ಹಲಗೆಗಳೂ ಸಿಕ್ಕಿವೆ. ಇವು ಲಿನನ್ ಬಟ್ಟೆಯನ್ನು ಉಜ್ಜಿ ನುಣುಪಾಗಿಸುವ ಸಾಧನಗಳು ಎಂಬ ಅಭಿಪ್ರಾಯವಿದೆ. ಚೀನಾದವರು ಕೆಂಡವನ್ನೇ ನಂಬಿದರು. ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ 12ನೇ ಶತಮಾನದ ಒಂದು ಸುರುಳಿ ಚಿತ್ರವಿದೆ. ಹಳೆಯ ಟಾಂಗ್ ಕಾಲದ ಚಿತ್ರವೊಂದರ ಪ್ರತಿಯಾದ ಇದು ಚಕ್ರವರ್ತಿ ಹುಯಿಜೋಂಗನ ಹೆಸರಿನಲ್ಲಿದೆ. ಅರಮನೆಯ ಹೆಂಗಸರು ಹೊಸ ರೇಷ್ಮೆಯನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಎಳೆದು ಹಿಡಿದಿದ್ದಾರೆ. ಒಬ್ಬಳು ಉದ್ದ ಹಿಡಿಯ ಕೆಂಡದ ಬಾಣಲೆಯನ್ನು ಅದರ ಮೇಲೆ ಆಡಿಸುತ್ತಿದ್ದಾಳೆ. ಪುಟ್ಟ ಹುಡುಗಿಯೊಬ್ಬಳು ರೇಷ್ಮೆಯ ಅಡಿಯಲ್ಲಿ ನುಸುಳುತ್ತಿದ್ದಾಳೆ. ಕೆಂಡ ಪಕ್ಕದಲ್ಲೇ ಇದೆ, ಬೈಯುವವರು ಯಾರೂ ಕಾಣುವುದಿಲ್ಲ.

ಯುರೋಪು, ಅಮೆರಿಕದ ಮನೆಗಳಲ್ಲಿ ಬಹುಕಾಲ ನಡೆದದ್ದು ಒಲೆಯ ಮೇಲಿಟ್ಟು ಕಾಯಿಸುವ ಗಟ್ಟಿ ಕಬ್ಬಿಣದ ತುಂಡು. ಅದು ಕಾದರೆ ಹಿಡಿಯೂ ಕಾಯುತ್ತಿತ್ತು, ದಪ್ಪ ಬಟ್ಟೆ ಸುತ್ತದೆ ಮುಟ್ಟುವಂತಿರಲಿಲ್ಲ. ಒಂದು ಆರುವಷ್ಟರಲ್ಲಿ ಇನ್ನೊಂದು ಕಾದಿರಬೇಕು. ಅಯೋವಾದ ಮೇರಿ ಫ್ಲಾರೆನ್ಸ್ ಪಾಟ್ಸ್ 1871ರಲ್ಲಿ ಇದಕ್ಕೊಂದು ಪರಿಹಾರಕ್ಕೆ ಪೇಟೆಂಟ್ ಪಡೆದರು: ಕಳಚಿ ತೆಗೆಯಬಹುದಾದ ಮರದ ಹಿಡಿ. ಒಲೆಯ ಮೇಲೆ ಕಬ್ಬಿಣಗಳು ಕಾಯುತ್ತಿರುತ್ತವೆ, ತಣ್ಣನೆಯ ಒಂದೇ ಹಿಡಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ವಿದ್ಯುತ್ ಇಸ್ತ್ರಿ ಪೆಟ್ಟಿಗೆಗೆ ನ್ಯೂಯಾರ್ಕಿನ ಹೆನ್ರಿ ಸೀಲಿ 1882ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಚುಚ್ಚಲು ಮನೆಗಳಲ್ಲಿ ವಿದ್ಯುತ್ತೇ ಇರಲಿಲ್ಲ. ಇದ್ದ ಕಡೆಯೂ ಅದು ದೀಪಕ್ಕೆಂದು ಬಂದದ್ದು, ಕತ್ತಲಾದ ಮೇಲಷ್ಟೇ ಹರಿಯುತ್ತಿತ್ತು. ಹಾಗಾಗಿ ಈ ಕಥೆಯಲ್ಲಿ ಸೀಲಿಗಿಂತ ಕ್ಯಾಲಿಫೋರ್ನಿಯಾದ ಒಂಟಾರಿಯೋ ಊರಿನ ವಿದ್ಯುತ್ ಕಂಪನಿಯ ನೌಕರ ಅರ್ಲ್ ರಿಚರ್ಡ್‌ಸನ್ ದೊಡ್ಡವರು ಎನ್ನುತ್ತೇನೆ. ಹಗುರವಾದ ಪೆಟ್ಟಿಗೆಗಳನ್ನು ಮಾಡಿ ಗ್ರಾಹಕರಿಗೆ ಕೊಟ್ಟ ಅವರು, ಮಂಗಳವಾರ ಹಗಲೂ ವಿದ್ಯುತ್ ಹರಿಸಲು ಕಂಪನಿಯನ್ನು ಒಪ್ಪಿಸಿದರು. ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ ಎಂಬುದು ಅಲ್ಲಿನ ಮನೆಗಳ ವಾಡಿಕೆ. ಪೆಟ್ಟಿಗೆಯ ನಡುಭಾಗ ಅತಿಯಾಗಿ ಕಾಯುತ್ತದೆ, ತುದಿ ತಣ್ಣಗಿರುತ್ತದೆ ಎಂಬ ದೂರು ಬಂತು. ಗುಂಡಿ, ನೆರಿಗೆಗಳ ಸಂದಿಗೆ ಹೋಗಬೇಕಾದದ್ದೇ ತುದಿ. ತುದಿಯೂ ಕಾಯುವಂಥ ಪೆಟ್ಟಿಗೆ 1905ರಲ್ಲಿ ಬಂತು, ‘ಹಾಟ್‌ಪಾಯಿಂಟ್’ ಎಂದೇ ಹೆಸರಾಯಿತು. 1920ರ ದಶಕದಲ್ಲಿ ತಾಪ ನಿಯಂತ್ರಕವೂ ಹಬೆಯ ಪೆಟ್ಟಿಗೆಯೂ ಬಂದವು.

ಅದೇ 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿದವು. ಬಟ್ಟೆಯ ಪಾಡು ಮಾತ್ರ ಹಳೆಯದೇ. ತಂಬಿಗೆಗೆ ಕೆಂಡ ತುಂಬಿ ಅಂಗಿಯ ಮೇಲೆ ಉಜ್ಜುವುದು, ಮಡಚಿ ಹಾಸಿಗೆಯ ಕೆಳಗಿಟ್ಟು ಮಲಗುವುದು ಮುಂದೆಯೂ ನಡೆದವು. ಮನೆಗಳಿಗೆ ವಿದ್ಯುತ್ ಪೆಟ್ಟಿಗೆ ಬಂದ ಮೇಲೂ ಬೀದಿಬದಿಯ ಗಾಡಿಯಲ್ಲಿ ಕೆಂಡದ ಪೆಟ್ಟಿಗೆ ಉಳಿಯಿತು. ಐದಾರು ಕಿಲೋ ತೂಗುವ ಆ ಪೆಟ್ಟಿಗೆಯ ಮುಚ್ಚಳ ತೆರೆದು ಇದ್ದಿಲು ಹಾಕಿ, ಬೀಸಿ, ನಿಗಿನಿಗಿ ಕೆಂಡವಾದ ಮೇಲೆ ತಳವನ್ನು ಒದ್ದೆ ಬಟ್ಟೆಗೆ ಒತ್ತಿ ಬೂದಿ ಒರೆಸುತ್ತಾರೆ. ಆ ಚುಂಯ್ ಸದ್ದಿನಲ್ಲೇ ಕಾವು ಎಷ್ಟಿದೆಯೆಂದು ಪಳಗಿದ ಕೈಗೆ ತಿಳಿಯುತ್ತದೆ.

ಇದನ್ನು ಹಟವೆನ್ನುವುದು ಸುಲಭ. ಆದರೆ ಮರದ ನೆರಳಿನ ತಳ್ಳುಗಾಡಿಗೆ ವಿದ್ಯುತ್ ಸಂಪರ್ಕ ಕೊಡುವವರು ಯಾರು? ಗಂಜಿ ಹಾಕಿದ ಪಂಚೆಗೆ ಮನೆಯ ಹಗುರ ಪೆಟ್ಟಿಗೆಯ ಭಾರವೂ ಸಾಲದು. ತಮಿಳುನಾಡಿನ ತಿರುವಣ್ಣಾಮಲೈಯ ವಿನಿಶಾ ಉಮಾಶಂಕರ್ ಎಂಬ ಶಾಲಾ ಬಾಲಕಿ ಸೌರಶಕ್ತಿಯ ಇಸ್ತ್ರಿ ಗಾಡಿ ರೂಪಿಸಿ 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಮಾತನಾಡಿದಳು. ಬೆಂಗಳೂರಿನ ಬೀದಿಗಳಿಗೆ ಈಗ ಬರುತ್ತಿರುವುದು ಅಡುಗೆ ಅನಿಲದ ಪೆಟ್ಟಿಗೆ: ಗಾಡಿಯ ಕೆಳಗೆ ಸಿಲಿಂಡರ್, ಹಿಂದಿನಿಂದ ಒಂದು ಕೊಳವೆ. ಭಾರ ಹೆಚ್ಚೇನೂ ಇಳಿದಿಲ್ಲ. ಬೆಳಿಗ್ಗೆ ಕೆಂಡ ಮಾಡುತ್ತಾ ಕೂರುವ ಹೊತ್ತು ಉಳಿಯಿತು. ಕಿಡಿ ಹಾರಿ ಗಿರಾಕಿಯ ಸೀರೆಗೆ ತೂತು ಬೀಳುವ ಭಯವೂ ತಪ್ಪಿತು. ಅದರ ದಂಡ ತೆರಬೇಕಾಗಿದ್ದವರು ಇಸ್ತ್ರಿಯವರೇ.