ಅಹವಾಲು ಸಭೆಯೂ ಆಲಿಕೆ ಸಭೆಯೂ ಒಂದೇ ಅಲ್ಲ

ನಮ್ಮ ತಾಲ್ಲೂಕಿನಲ್ಲಿ ಕಲ್ಲುಗಣಿ ವಿಸ್ತರಣೆಯ ಬಗ್ಗೆ ನಡೆದ ಸಭೆಗೆ ನಾನೂ ಹೋಗಿದ್ದೆ. ಮರುದಿನ ಪತ್ರಿಕೆ ತೆರೆದರೆ ‘ಅಹವಾಲು ಸಭೆ: ಸಾರ್ವಜನಿಕರಿಂದ ಮನವಿ ಸ್ವೀಕಾರ’ ಎಂಬ ಶೀರ್ಷಿಕೆ. ಅಲ್ಲಿ ಮಾತನಾಡಿದ ಯಾರೂ ಮನವಿ ಕೊಡಲಿಲ್ಲ, ಅದು ಅಹವಾಲು ಸಭೆಯೂ ಆಗಿರಲಿಲ್ಲ. ಅದು ಆಲಿಕೆ ಸಭೆ, ಇಂಗ್ಲಿಷಿನಲ್ಲಿ ‘ಪಬ್ಲಿಕ್ ಹಿಯರಿಂಗ್’ ಎನ್ನುವುದು. ಈ ತಪ್ಪನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಇನ್ನು ಸುಮ್ಮನಿರಲು ಆಗುವುದಿಲ್ಲ.

ಮೊದಲು ಪದ. ಅಹವಾಲು ಅರಬ್ಬಿಯಿಂದ ಬಂದದ್ದು. ಅಲ್ಲಿ ‘ಹಾಲ್’ ಎಂದರೆ ಸ್ಥಿತಿ, ‘ಅಹ್ವಾಲ್’ ಅದರ ಬಹುವಚನ. ಹಾಗಾಗಿ ಅಹವಾಲು ಎಂದರೆ ಮೂಲದಲ್ಲಿ ಸ್ಥಿತಿಗತಿ, ಇದ್ದದ್ದನ್ನು ಇದ್ದಂತೆ ಹೇಳುವುದು. ‘ಹಾಲಿ ಶಾಸಕ’ ಎನ್ನುವಾಗಿನ ಹಾಲಿ ಇದೇ ಮನೆಯದು: ಈಗಿನ ಸ್ಥಿತಿಯಲ್ಲಿರುವವನು. ಹವಾಲ್ದಾರನೂ ಹವಾಲಾ ಹಣವೂ ಅದೇ ಧಾತುವಿನ ದೂರದ ನೆಂಟರು. ಆ ಧಾತುವಿಗೆ ತಿರುಗು, ಬದಲಾಗು ಎಂಬ ಅರ್ಥವಿದೆ. ಮರಾಠಿಯವರು ಇವತ್ತಿಗೂ ವಾರ್ಷಿಕ ವರದಿಗೆ ‘ವಾರ್ಷಿಕ ಅಹವಾಲ’ ಎನ್ನುತ್ತಾರೆ, ಗುಜರಾತಿಯಲ್ಲಿ ‘ಅಹೇವಾಲ’ವೂ ವರದಿಯೇ. ನೆರೆಮನೆಯಲ್ಲಿ ವರದಿಯಾಗಿ ನೆಟ್ಟಗೆ ನಿಂತಿರುವ ಪದ ನಮ್ಮಲ್ಲಿ ಕೈಮುಗಿದು ಬಾಗಿಲಲ್ಲಿ ನಿಂತಿದೆ. ಕಚೇರಿಯ ಮೇಜಿನ ಆಚೆ ಕುಳಿತವರ ಮುಂದೆ ಊರಿನ ಸ್ಥಿತಿ ಹೇಳಿಕೊಂಡವರು ಬಹುತೇಕ ಕಷ್ಟವನ್ನೇ ಹೇಳಿಕೊಂಡಿದ್ದರಿಂದ, ಸ್ಥಿತಿ ಎಂಬ ಅರ್ಥ ಸವೆದು ಕಷ್ಟ, ಬೇಡಿಕೆ ಎಂಬುದಷ್ಟೇ ಉಳಿಯಿತೆಂದು ನನ್ನ ಅನಿಸಿಕೆ.

ಜೊತೆಗಾರ ಪದಗಳದ್ದೂ ಇಂಥದೇ ಕಥೆ. ಅರ್ಜಿಯ ಮೂಲಾರ್ಥ ಮುಂದಿಡುವುದು. ಫಿರ್ಯಾದು ಪಾರಸಿಯಲ್ಲಿ ಕೂಗು, ಮೊರೆ. ತಕರಾರು ಅರಬ್ಬಿಯಲ್ಲಿ ಬರಿಯ ಪುನರಾವರ್ತನೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು. ಅದು ಜಗಳವಾದದ್ದು ಆಮೇಲೆ. ಇವುಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸಿದರೆ ಹೇಳಿದ್ದೇ ಬೇರೆ, ಬರೆದದ್ದೇ ಬೇರೆ ಆಗುತ್ತದೆ.

ಈಗ ಸಭೆಯ ಮಾತು. ಸಚಿವರು, ಅಧಿಕಾರಿಗಳು ಊರಿಗೆ ಬಂದು ಪಿಂಚಣಿ, ಪೋಡಿ (ಜಮೀನು ಅಳೆದು ಹಿಸ್ಸೆ ಮಾಡುವುದು), ಕುಡಿಯುವ ನೀರಿನ ತೊಂದರೆ ಕೇಳುವುದು ಅಹವಾಲು ಸ್ವೀಕಾರ ಸಭೆ. ಅಲ್ಲಿ ಆ ಹೆಸರು ಸರಿ. ಆಗಬೇಕಾದ ಕೆಲಸ ಆಗದೇ ಇದ್ದಾಗ ಅದು ನಡೆಯುತ್ತದೆ. ಆಲಿಕೆ ಸಭೆ ತೀರ್ಮಾನಕ್ಕೆ ಮುಂಚಿನದು. ಗಣಿಗೋ ಕಾರ್ಖಾನೆಗೋ ಪರಿಸರ ಅನುಮತಿ ಕೊಡುವ ಮೊದಲು ಊರಿನವರ ಮಾತು ಕೇಳಲೇಬೇಕು ಎಂದು 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ಹೇಳುವುದು ಇಂಥ ಸಭೆಯ ಬಗ್ಗೆ. ‘ವಿಚಾರಣೆ’ ಎಂದು ಕೆಲವರು ಬರೆಯುತ್ತಾರೆ. ಯೋಗಕ್ಷೇಮ ವಿಚಾರಿಸುವ ಪದವೇ ಅದು, ನಿಜ. ಆದರೆ ‘ವಿಚಾರಣೆಗೆ ಬನ್ನಿ’ ಎಂದರೆ ಹಳ್ಳಿಯವರಿಗೆ ನೆನಪಾಗುವುದು ಪೊಲೀಸ್ ಠಾಣೆ. ಆಲಿಸು ಅಚ್ಚ ಕನ್ನಡದ ಕ್ರಿಯಾಪದ, ಅದರಿಂದ ಆಲಿಕೆ. ಕಿವಿಗೊಟ್ಟು ಕೇಳುವ ಕೆಲಸ ಯಾರದ್ದೆಂದು ಹೆಸರೇ ಹೇಳುತ್ತದೆ.

ನಿಯಮ ಹೀಗಿದೆ: ಜನರಿಗೆ ಕನಿಷ್ಠ 30 ದಿನಗಳ ಕಾಲಾವಕಾಶ ಕೊಟ್ಟು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಕಲಾಪದ ವಿಡಿಯೊ ತೆಗೆಯಬೇಕು. ಕನಿಷ್ಠ ಇಷ್ಟು ಜನ ಸೇರಬೇಕೆಂಬ ಕೋರಂ ಇಲ್ಲ. ಮುಖ್ಯವಾದದ್ದು ಕೊನೆಯದು: ಹೇಳಿದ ಅಭಿಪ್ರಾಯಗಳನ್ನೆಲ್ಲ ಬರೆದುಕೊಂಡು, ಸಭೆ ಮುಗಿಯುವ ಮುನ್ನ ಅದನ್ನು ಸ್ಥಳೀಯ ಭಾಷೆಯಲ್ಲಿ ಜನರಿಗೆ ಓದಿ ತಿಳಿಸಬೇಕು, ಆಮೇಲೆ ಸಹಿ. ಅನುಮತಿ ಕೊಡುವವರು ಆ ವೇದಿಕೆಯ ಮೇಲೆ ಇರುವುದಿಲ್ಲ. ಅವರ ಕೈಗೆ ಹೋಗುವುದು ಈ ಬರಹ ಮತ್ತು ವಿಡಿಯೊ. ಅದರಲ್ಲಿ ಯಾವ ಪದ ಬಿತ್ತೆಂಬುದು ಸಣ್ಣ ಸಂಗತಿಯಲ್ಲ.

ಗ್ರಾಮಸಭೆ ಇವೆರಡೂ ಅಲ್ಲ. ಅದು ಮತದಾರರದೇ ಸಭೆ, ಅಲ್ಲಿ ಊರಿನವರೇ ನಿರ್ಣಯ ಮಾಡುತ್ತಾರೆ.

ನಮ್ಮೂರಿನಲ್ಲಿ ಆಟೊಗೆ ಮೈಕು ಕಟ್ಟಿ ‘ಅಹವಾಲು ಸಭೆಗೆ ಬನ್ನಿ’ ಎಂದು ಸಾರಿದ್ದರು. ಅದನ್ನು ನಂಬಿ ಒಬ್ಬ ಅಜ್ಜಿ ವಿಧವಾ ವೇತನದ ಅರ್ಜಿ, ಆಧಾರ್ ಜೆರಾಕ್ಸ್ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದಿದ್ದರು. ಶಾಮಿಯಾನದ ಅಂಚಿನ ಬಿಸಿಲಿನಲ್ಲಿ ಮೂರು ಗಂಟೆ ಕಾದರು. ‘ಇದು ಅದಕ್ಕಲ್ಲಮ್ಮ’ ಎಂದರು ಸಿಬ್ಬಂದಿ. ಆ ಅಜ್ಜಿಯ ಹೊಲ ಗಣಿಯ ಬೇಲಿಗೆ ಅಂಟಿಕೊಂಡೇ ಇದೆ. ಆ ಬಗ್ಗೆ ಮಾತನಾಡಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಅವರು ಎದ್ದು ಹೋದರು.

ಕೊನೆಗೆ ನಡಾವಳಿ ಓದಿದರು. ‘ಗ್ರಾಮಸ್ಥರು ತಮ್ಮ ಅಹವಾಲು ಸಲ್ಲಿಸಿದರು’ ಎಂಬ ಸಾಲು ಬಂದಾಗ ಹಿಂದಿನ ಸಾಲಿನಿಂದ ಒಬ್ಬ ರೈತರು ಎದ್ದರು. ‘ಸ್ವಾಮಿ, ನಾನು ಏನನ್ನೂ ಬೇಡಲಿಲ್ಲ. ಸ್ಫೋಟದಿಂದ ಮನೆಯ ಗೋಡೆ ಬಿರುಕು ಬಿಟ್ಟಿದೆ, ಆದ್ದರಿಂದ ಗಣಿ ದೊಡ್ಡದಾಗುವುದು ಬೇಡ ಎಂದು ಆಕ್ಷೇಪಿಸಿದೆ. ಹಾಗೆಯೇ ಬರೆಯಿರಿ’ ಎಂದರು. ಅಧಿಕಾರಿ ಆ ಸಾಲನ್ನು ಹೊಡೆದುಹಾಕಿ ‘ಆಕ್ಷೇಪಿಸಿದರು’ ಎಂದು ಬರೆಸಿ, ಇನ್ನೊಮ್ಮೆ ಗಟ್ಟಿಯಾಗಿ ಓದಿಸಿದರು.