ಸಭೆಗೆ ಕಲಾವಿದರ ಕೈ ಬೇಕಿತ್ತು, ಮಾತು ಬೇಕಿರಲಿಲ್ಲ

ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ ಒಳಗೆ ಕಾಲಿಟ್ಟವರು ಮೊದಲು ಕತ್ತು ಎತ್ತಿ ನೋಡುತ್ತಾರೆ. ಗೋಡೆ, ಕಮಾನು, ಚಾವಣಿ, ಎಲ್ಲ ಕಡೆ ಚಿತ್ರ. ಬಿಡಿಸಿದವರು ಬ್ರದರ್ ಅಂತೋನಿಯೋ ಮೊಸ್ಕೇನಿ. ಆ ‘ಬ್ರದರ್’ ಅನ್ನುವ ಪದದ ಹತ್ತಿರ ನನ್ನ ಮನಸ್ಸು ಪ್ರತಿ ಸಲವೂ ನಿಂತುಬಿಡುತ್ತದೆ.

ಮೊಸ್ಕೇನಿ ಹುಟ್ಟಿದ್ದು 1854ರಲ್ಲಿ, ಇಟಲಿಯ ಬೆರ್ಗಮೋ ಹತ್ತಿರ. ಅಲ್ಲಿನ ಚರ್ಚುಗಳಿಗೆ ಚಿತ್ರ ಬಿಡಿಸಿ ಆಗಲೇ ಹೆಸರು ಮಾಡಿದ್ದರು. 1889ರಲ್ಲಿ ಅದೆಲ್ಲ ಬಿಟ್ಟು ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಂಘ ಸೇರಿದರು. ಸೇರಿದ್ದು ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಅಡುಗೆ, ಬಡಗಿ ಕೆಲಸ, ತೋಟದ ಕೆಲಸ ಮಾಡಿಕೊಂಡು ಸಂಘದ ಬದುಕನ್ನು ನಡೆಸಿಕೊಂಡು ಹೋಗುವವರು ಬ್ರದರ್‌ಗಳು. ಬಲಿಪೂಜೆ ಅರ್ಪಿಸುವುದು ಪಾದ್ರಿಯ ಕೆಲಸ, ಪೀಠದಿಂದ ಪ್ರಸಂಗ ಮಾಡುವುದೂ ಪಾದ್ರಿಯೇ. ಮೊಸ್ಕೇನಿ ಮಂಗಳೂರಿಗೆ ಬಂದು, 1901ರ ಹೊತ್ತಿಗೆ ಈ ಚಾಪೆಲ್ ಮುಗಿಸಿದರು. ಗೋಡೆಯ ಮೇಲಿನದು ಫ್ರೆಸ್ಕೋ. ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು, ಒಣಗಿದ ಮೇಲೆ ತಿದ್ದುವುದು ಕಷ್ಟ. ಆಮೇಲೆ ಕೇರಳದ ಕಡೆ ಹೋದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಪೀಠ ಹತ್ತದ ಆ ಮನುಷ್ಯನೇ ನೂರಿಪ್ಪತ್ತು ವರ್ಷಗಳಿಂದ ಅಲ್ಲಿಗೆ ಬಂದವರಿಗೆಲ್ಲ ಪ್ರಸಂಗ ಮಾಡುತ್ತಿದ್ದಾರೆ ಅಲ್ವಾ? ಕ್ರೈಸ್ತ ಸೇವೆಯಲ್ಲಿರುವ ಕಲಾವಿದ ಯಾರು, ಕೆಲಸದವನಾ, ಸೇವಕನಾ, ನಾಯಕನಾ? ಈ ಪ್ರಶ್ನೆ ಮೊಸ್ಕೇನಿಗಿಂತ ತುಂಬಾ ಹಳೆಯದು.

ಬೈಬಲ್‌ನಲ್ಲಿ ಇದರ ಶುರು ವಿಮೋಚನಕಾಂಡದ 31ನೇ ಅಧ್ಯಾಯ. ಇಸ್ರಾಯೇಲ್ಯರು ಆರಾಧನೆ ಮಾಡುವ ದೇವದರ್ಶನದ ಗುಡಾರ ಕಟ್ಟಲು ದೇವರು ಬೆಚಲೇಲ ಎಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆಯುತ್ತಾರೆ, ಅವನನ್ನು ದೇವರಾತ್ಮದಿಂದ ತುಂಬುತ್ತಾರೆ. ಚಿನ್ನ, ಬೆಳ್ಳಿ, ಮರ, ಕಲ್ಲು ಕೆತ್ತುವ ಕೆಲಸಕ್ಕೆ ಆತ್ಮದ ವರ! ಅದಕ್ಕಿಂತ ಕಡಿಮೆ ಜನ ಗಮನಿಸುವ ಮಾತು 35ನೇ ಅಧ್ಯಾಯದಲ್ಲಿದೆ. ಬೇರೆಯವರಿಗೆ ಕಲಿಸುವ ವರವನ್ನೂ ಅವನಿಗೆ ಕೊಟ್ಟರಂತೆ. ಅಂದರೆ ಅವನು ಬರೀ ಕೈಯಲ್ಲ, ಗುರು ಕೂಡ.

ಪಕ್ಕದ 32ನೇ ಅಧ್ಯಾಯವನ್ನೂ ಇದರ ಜೊತೆಗೇ ಓದಬೇಕು. ಅಲ್ಲಿ ಚಿನ್ನದ ಕರು ತಯಾರಾಗುತ್ತದೆ. ಮಾಡಿಕೊಟ್ಟವನು ಬೆಚಲೇಲ ಅಲ್ಲ, ಮಹಾಯಾಜಕನಾಗಲಿದ್ದ ಆರೋನ. ಜನ ಕೇಳಿದರು, ಅವನು ಮಾಡಿಕೊಟ್ಟ. ಜನರ ಒತ್ತಡಕ್ಕೆ ಕೈ ಆಡಿಸುವುದು ಬೇರೆ, ದೇವರು ತೋರಿಸಿದ ಹಾಗೆ ಕೈ ಆಡಿಸುವುದು ಬೇರೆ. ಕಲಾವಿದನ ಆತ್ಮಿಕ ಬದುಕಿನ ಬಗ್ಗೆ ಇಡೀ ಚರ್ಚೆ ಈ ಎರಡು ಅಧ್ಯಾಯಗಳ ನಡುವೆ ಇದೆ ಅಂತ ನನಗನಿಸುತ್ತದೆ.

ರಾಜ ದಾವೀದನ ಕಾಲಕ್ಕೆ ಬಂದರೆ ಹಾಡುವವರದ್ದೇ ಒಂದು ವ್ಯವಸ್ಥೆ ಇದೆ. ಪೂರ್ವಕಾಲವೃತ್ತಾಂತ ಮೊದಲನೆಯ ಪುಸ್ತಕದ 25ನೇ ಅಧ್ಯಾಯ 288 ನುರಿತ ಗಾಯಕರ ಲೆಕ್ಕ ಕೊಡುತ್ತದೆ. ಆಸಾಫ, ಹೇಮಾನ, ಯೆದೂತೂನರ ಮನೆಯವರು ಕಿನ್ನರಿ, ತಾಳ ಹಿಡಿದು ಪ್ರವಾದಿಸುತ್ತಿದ್ದರು ಎನ್ನುತ್ತದೆ. ಹಾಡುವುದನ್ನೇ ಪ್ರವಾದನೆ ಅಂದದ್ದು ಸಣ್ಣ ಮಾತಲ್ಲ.

ಆದರೆ ಕ್ರೈಸ್ತ ಸಭೆ, ಅಂದರೆ ಚರ್ಚ್, ಬೆಳೆದ ಹಾಗೆ ಕೈ ಮತ್ತು ಮಾತಿನ ಈ ಜೋಡಿ ಒಡೆಯಿತು. 787ರಲ್ಲಿ ಬಿಷಪ್‌ಗಳು ಸೇರಿದ ಎರಡನೇ ನಿಕೇಯ ಮಹಾಸಭೆ ಪವಿತ್ರ ಚಿತ್ರಗಳನ್ನು ಉಳಿಸಿತು. ಆದರೆ ಅಲ್ಲೇ ಒಂದು ಗೆರೆಯನ್ನೂ ಎಳೆಯಿತು. ಏನನ್ನು ಚಿತ್ರಿಸಬೇಕು ಎನ್ನುವುದು ಸಭೆಯ ಪಿತೃಗಳಿಗೆ ಸೇರಿದ್ದು, ಚಿತ್ರಕಾರನದ್ದು ಕುಶಲತೆ ಮಾತ್ರ. ಚಿತ್ರಗಳನ್ನು ಒಡೆಯುತ್ತಿದ್ದ ಕಾಲದಲ್ಲಿ ಅದು ರಕ್ಷಣೆಯೂ ಆಗಿತ್ತು, ಒಪ್ಪುತ್ತೇನೆ. ಆದರೂ ಅಂದಿನಿಂದ ಮಾತು ಒಬ್ಬರದ್ದು, ಕೈ ಇನ್ನೊಬ್ಬರದ್ದು ಆಯಿತು. ಪ್ರೊಟೆಸ್ಟಂಟ್ ಪಂಗಡಗಳು ಹುಟ್ಟಿದ ಸುಧಾರಣೆಯ ಕಾಲದಲ್ಲಿ ಜ್ಯೂರಿಕ್‌ನಲ್ಲಿ 1524ರಲ್ಲಿ ಚರ್ಚುಗಳಿಂದ ಚಿತ್ರಗಳನ್ನೇ ಹೊರಗೆ ಹಾಕಿದರು. ಜರ್ಮನಿಯಲ್ಲಿ ಆ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಮಾತ್ರ ಸಂಗೀತವನ್ನು ದೇವಶಾಸ್ತ್ರದ ಪಕ್ಕದಲ್ಲೇ ಕೂರಿಸಿದರು.

ಆ ಲೂಥರನ್ ಮನೆಯಲ್ಲಿ ಬೆಳೆದವರು ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್. 1723ರಿಂದ 1750ರವರೆಗೆ ಲೈಪ್‌ಜಿಗ್‌ನಲ್ಲಿ ಚರ್ಚ್ ಸಂಗೀತ ನಡೆಸಿದರು. ಒಳ್ಳೆಯ ಹಾಡುಗಾರರು, ವಾದ್ಯದವರು ಸಾಲದು ಎಂದು 1730ರಲ್ಲಿ ನಗರಸಭೆಗೆ ದೊಡ್ಡ ಮನವಿ ಬರೆದರು. ಅವರ ಸ್ವಂತ ಬೈಬಲ್ ಇಂದಿಗೂ ಉಳಿದಿದೆ. ಅದರಲ್ಲಿ ಆ 288 ಗಾಯಕರ ಅಧ್ಯಾಯದ ಪಕ್ಕದಲ್ಲಿ, ದೇವರು ಮೆಚ್ಚುವ ಎಲ್ಲ ಸಭಾಸಂಗೀತಕ್ಕೆ ಇದೇ ನಿಜವಾದ ತಳಹದಿ ಅಂತ ಕೈಯಾರೆ ಬರೆದಿದ್ದಾರೆ. ಯಜಮಾನರ ಕಣ್ಣಿಗೆ ಅವರು ಸಂಬಳದ ನೌಕರ. ಅವರು ಮಾತ್ರ ತನ್ನನ್ನು ಆಸಾಫನ ಸಾಲಿನಲ್ಲಿ ಇಟ್ಟು ನೋಡಿಕೊಂಡರು. ಆ ಟಿಪ್ಪಣಿ ನೆನೆದರೆ ನನ್ನ ಗಂಟಲು ಕಟ್ಟುತ್ತದೆ.

ನಮ್ಮ ನೆಲದಲ್ಲಿ ಪ್ರಶ್ನೆಗೆ ಇನ್ನೊಂದು ತೊಡಕು ಸೇರಿತು. ಕ್ರಿಸ್ತನನ್ನು ಯಾರ ಮುಖದಲ್ಲಿ ಬಿಡಿಸಬೇಕು? ಆಂಜೆಲೋ ದ ಫೊನ್ಸೆಕಾ 1902ರಲ್ಲಿ ಗೋವಾದಲ್ಲಿ ಹುಟ್ಟಿದವರು. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಬಳಿ ಕಲಿತರು. ಊರಿಗೆ ಮರಳಿ ಸೀರೆಯುಟ್ಟ ಮರಿಯಮ್ಮನನ್ನು ಬಿಡಿಸಿದರು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಬಿಳಿ ಮುಖದ ಮಾತೆಯನ್ನೇ ನೋಡಿ ಬೆಳೆದ ಭಕ್ತರಿಗೆ ಇದು ಅವಮಾನದಂತೆ ಕಂಡಿತು. ವಿರೋಧ ಎಷ್ಟಾಯಿತೆಂದರೆ ಫೊನ್ಸೆಕಾ ಊರು ಬಿಟ್ಟರು. ಅವರಿಗೆ ಜಾಗ ಕೊಟ್ಟದ್ದು ಪುಣೆಯ ಕ್ರಿಸ್ತ ಪ್ರೇಮ ಸೇವಾ ಸಂಘದ ಆಶ್ರಮ. ಅದು ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ, ಪಾದ್ರಿ ಜ್ಯಾಕ್ ವಿನ್ಸ್ಲೋ ಕಟ್ಟಿದ್ದು. ಫೊನ್ಸೆಕಾ ಕ್ಯಾಥೊಲಿಕರು. ಸ್ವಂತ ಮನೆಯವರು ಬಾಗಿಲು ಹಾಕಿದಾಗ ಪಕ್ಕದ ಮನೆಯವರು ಚಾಪೆ ಹಾಸಿದ ಹಾಗೆ. ಅಲ್ಲಿ ಪ್ರಾರ್ಥನೆ, ಊಟ, ಕೆಲಸ ಎಲ್ಲ ಒಂದೇ ಲಯದಲ್ಲಿ ನಡೆಯುತ್ತಿತ್ತು. ಅವರ ಚಿತ್ರಗಳಲ್ಲಿನ ನೆಮ್ಮದಿಗೂ ಆ ಲಯಕ್ಕೂ ನಂಟಿದೆ ಅಂತ ನಾನು ನಂಬುತ್ತೇನೆ. ಬರೀ ಪ್ರತಿಭೆಯಿಂದ ಅಂಥ ಮೌನ ಬರುವುದಿಲ್ಲ. 1967ರಲ್ಲಿ ಅವರು ಪುಣೆಯಲ್ಲೇ ತೀರಿಕೊಂಡರು.

ಅಷ್ಟರಲ್ಲಿ ರೋಮ್ ಕೂಡ ಬದಲಾಗಿತ್ತು. ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ, ಕಲಾವಿದರ ಕಡೆ ಗಮನ ಕೊಡುವುದು ಧರ್ಮಾಧ್ಯಕ್ಷರ ಜವಾಬ್ದಾರಿ ಎಂದಿತು. ಕೆಲಸ ಕೊಡಿ ಅಂತ ಮಾತ್ರ ಹೇಳಲಿಲ್ಲ, ಅವರಲ್ಲಿ ಪವಿತ್ರ ಕಲೆಯ ಭಾವ ತುಂಬುವಂತೆ ನೋಡಿಕೊಳ್ಳಿ ಎಂದಿತು. ಮರುವರ್ಷ ಮೇ 7ರಂದು ಪೋಪ್ ಆರನೇ ಪೌಲರು ಸಿಸ್ಟೀನ್ ಚಾಪೆಲ್‌ನಲ್ಲಿ ಕಲಾವಿದರನ್ನು ಕರೆದು ಮಾತಾಡಿದರು. ನಿಮ್ಮ ಹೆಗಲ ಮೇಲೆ ನಾವು ಸೀಸದ ಹೊದಿಕೆ ಹೊರಿಸಿದ್ದೂ ಉಂಟು, ಕ್ಷಮಿಸಿ ಎಂದರು. ನೀವೂ ನಮ್ಮನ್ನು ಬಿಟ್ಟು ದೂರ ಹೋದಿರಿ ಅಂತಲೂ ಹೇಳಿದರು. ಎರಡೂ ನಿಜ.

ಆ ಗಾಳಿ ಬೆಂಗಳೂರಿಗೂ ಬೀಸಿತು. 1967ರಲ್ಲಿ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಇಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಶುರು ಮಾಡಿದರು. ಅಲ್ಲಿನ ಪ್ರಾರ್ಥನಾಲಯಕ್ಕೆ ಭಾರತೀಯ ಸಂಕೇತಗಳು ಬಂದವು. ಇದು ದೇವಸ್ಥಾನದ ಹಾಗಿದೆ ಎಂದು ಕ್ರೈಸ್ತರಲ್ಲೇ ಕೆಲವರು ಆಕ್ಷೇಪ ಎತ್ತಿದರು. ಅಲ್ಲಿ ಕೆಲಸ ಮಾಡಿದ ಕಲಾವಿದರಲ್ಲಿ ಜ್ಯೋತಿ ಸಾಹಿ ಒಬ್ಬರು. ಅವರು ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೆಪುರದಲ್ಲಿ ಮನೆ ಮಾಡಿ, 1980ರ ದಶಕದಲ್ಲಿ ಅದನ್ನೇ ಕಲಾ ಆಶ್ರಮ ಮಾಡಿದರು. ಕಲಾವಿದರು ಬಂದು ಇದ್ದು, ಧ್ಯಾನಿಸಿ, ಕೆಲಸ ಮಾಡಿ ಹೋಗುವ ಜಾಗ. ಅವರು ಚಿತ್ರದ ಜೊತೆಗೆ ದೇವಶಾಸ್ತ್ರವನ್ನೂ ಬರೆದರು, ಕಲಿಸಿದರು. ನಿಕೇಯದಲ್ಲಿ ಬೇರೆಯಾಗಿದ್ದ ಕೈ ಮತ್ತು ಮಾತು ಸಿಲ್ವೆಪುರದಲ್ಲಿ ಮತ್ತೆ ಒಂದಾದವು ಎಂದರೆ ಜಾಸ್ತಿ ಹೇಳಿದಂತಲ್ಲ.

ಪ್ರೊಟೆಸ್ಟಂಟ್ ಕಡೆ ಕಥೆ ಬೇರೆ ದಾರಿ ಹಿಡಿಯಿತು. 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಯುವಕರು ಗಿಟಾರ್ ಹಿಡಿದು ಚರ್ಚಿಗೆ ಬಂದರು. ಅಲ್ಲಿಂದ ಹರಡಿದ ಆರಾಧನೆಯ ಶೈಲಿ ಇವತ್ತು ನಮ್ಮ ಊರುಗಳ ಸಭೆಗಳಲ್ಲೂ ಇದೆ. ಡ್ರಮ್, ಕೀಬೋರ್ಡ್, ಪರದೆಯ ಮೇಲೆ ಹಾಡಿನ ಸಾಲು, ಮುಂದೆ ನಿಂತ ವರ್ಷಿಪ್ ಲೀಡರ್. ಹಳೆಯ ಸಮಸ್ಯೆ ಇಲ್ಲಿ ತಲೆಕೆಳಗಾಯಿತು. ಮೊಸ್ಕೇನಿಗೆ ನಾಯಕತ್ವ ಸಿಗಲಿಲ್ಲ. ಈಗ ಕಂಠ ಚೆನ್ನಾಗಿದ್ದರೆ ಇಪ್ಪತ್ತು ವರ್ಷದ ಹುಡುಗಿಗೂ ನಾಯಕತ್ವ ಸಿಗುತ್ತದೆ. ಆದರೆ ಅವಳ ಪ್ರಾರ್ಥನೆ ಹೇಗಿದೆ, ನಿದ್ದೆ ಬರುತ್ತಾ, ಮನೆಯಲ್ಲಿ ಏನಾಗಿದೆ ಅಂತ ಕೇಳುವವರು ಇಲ್ಲ.

ಇದು ನನಗೆ ಅನುಭವದಿಂದ ಗೊತ್ತು. ಹತ್ತೊಂಬತ್ತರಿಂದ ಇಪ್ಪತ್ತೇಳರವರೆಗೆ ಒಂದು ಸಭೆಯಲ್ಲಿ ಕೀಬೋರ್ಡ್ ನುಡಿಸಿದೆ. ನಾಳೆ ಎಷ್ಟು ಹಾಡು, ಯಾವ ಸ್ಕೇಲ್ ಅಂತ ವಾರವಾರ ಕೇಳಿದರು. ಅದರಲ್ಲಿ ಎರಡು ವರ್ಷ ನನಗೆ ಪ್ರಾರ್ಥನೆಯೇ ಬರುತ್ತಿರಲಿಲ್ಲ. ಬೆರಳು ಸರಿಯಾಗಿ ಓಡುತ್ತಿತ್ತು, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಯಾರನ್ನೂ ದೂರುತ್ತಿಲ್ಲ. ನಾನೂ ಹೇಳಲಿಲ್ಲ.

ಆಗ ನನಗೆ ಆಸಾಫ ಸರಿಯಾಗಿ ಗೊತ್ತಿದ್ದರೆ ಹೇಳುತ್ತಿದ್ದೆನೇನೋ. ಬೈಬಲ್‌ನ ಹನ್ನೆರಡು ಕೀರ್ತನೆಗಳಿಗೆ ಅವನ ಹೆಸರಿದೆ. 73ನೆಯದರಲ್ಲಿ ದಾವೀದನ ಕಾಲದ ಆ ಹಿರಿಯ ಗಾಯಕ, ದುಷ್ಟರ ಸುಖ ನೋಡಿ ಹೊಟ್ಟೆಕಿಚ್ಚು ಪಟ್ಟೆ, ನನ್ನ ಕಾಲು ಜಾರುವುದರಲ್ಲಿತ್ತು ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಾನೆ. ಅದನ್ನು ಇಡೀ ಸಭೆ ಹಾಡಿತು.

ಈಗ ನಾನಿರುವ ತಂಡದಲ್ಲಿ ಶನಿವಾರ ವಾದ್ಯ ಮುಟ್ಟುವ ಮೊದಲು ಒಂದು ಕೀರ್ತನೆ ಓದುತ್ತೇವೆ. ಮೊನ್ನೆ ಇದನ್ನೇ ಓದಿದೆವು. ಓದಿ ಮುಗಿದ ಮೇಲೆ ನಮ್ಮ ತಬಲಾ ಹುಡುಗ ತಲೆ ತಗ್ಗಿಸಿ, “ಅಣ್ಣಾ, ನಂಗೂ ಹೀಗೇ ಆಗ್ತಿದೆ” ಅಂದ. ನಾಲ್ಕು ಹಾಡು ಅಭ್ಯಾಸ ಮಾಡಬೇಕಿತ್ತು. ಆ ದಿನ ಒಂದೇ ಆಯಿತು.